ಬೆಟ್ಟದ ಮರದಡಿ ಗಿಡಗಂಟಿ ಸವರೋದಾ, ಬಿಡೋದಾ?

ತೋಟದ_ಮಾಣಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಕಡೆ. ಅಡಿಕೆ ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟ ಇದೆ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ದೂರದಿಂದ ನೋಡಿದರೆ ಒಳ್ಳೇ ಕಾಡು. ಮತ್ತಿ, ಹೊನ್ನೆ, ನಂದಿ, ನೇರಳೆ ಎಲ್ಲಾ ಇವೆ, ಅಲ್ಲಲ್ಲಿ ಮುರುಗಲು. ತೊಂದರೆ ಇರೋದು ಮರದ ಬುಡದಲ್ಲಿ. ಪ್ರತಿ ವರ್ಷ ಮಳೆ ಮುಗಿದ ಮೇಲೆ ಆಳು ಕರೆಸಿ ಬ್ರಷ್ ಕಟರ್‌ನಲ್ಲಿ ಕೆಳಗಿನದೆಲ್ಲ ಸವರಿಸುತ್ತೇವೆ, ಇಲ್ಲದಿದ್ದರೆ ದರಕು (ಒಣಗಿ ಬಿದ್ದ ಎಲೆ) ಗುಡಿಸೋಕೆ ಆಗಲ್ಲ. ಈಗ ನೋಡಿದರೆ ದೊಡ್ಡ ಮರ ಇದೆ, ನೆಲ ಇದೆ, ನಡುವೆ ಏನೂ ಇಲ್ಲ. ಒಂದು ಎಳೇ ಮರ ಕಾಣಲ್ಲ. ಆಯಿ ಬೇರೆ ಗೊಣಗುತ್ತಾಳೆ, ಮೊದಲು ಗುಡ್ಡೆ ದಾಸಾಳ (ಕೇಪಳ) ಬೇಕಾದಷ್ಟಿತ್ತು, ಕವಳಿ ಹಣ್ಣು ಸಿಗುತ್ತಿತ್ತು, ಈಗ ಒಂದು ತಂಬುಳಿಗೆ ಆಗುವಷ್ಟು ಕುಡಿಯೂ ಇಲ್ಲ ಅಂತ. ಅಪ್ಪಯ್ಯನದು ಒಂದೇ ಮಾತು: ಬೆಟ್ಟ ಚೊಕ್ಕ ಇರಬೇಕು.

ಸರಿ ಅಂತ ಕಳೆದ ವರ್ಷ ಒಂದು ಮೂಲೆ ಸವರದೆ ಹಾಗೇ ಬಿಟ್ಟೆ. ಅಲ್ಲಿ ಯುಪಟೋರಿಯಂ ಕಳೆ ನನ್ನ ತಲೆಗಿಂತ ಎತ್ತರ ಎದ್ದಿದೆ. ಅಪ್ಪಯ್ಯನಿಗೆ ಈಗ ಮಾತಾಡೋಕೆ ಒಳ್ಳೇ ವಿಷಯ ಸಿಕ್ಕಿದೆ. ತಿಳಿದವರು ಹೇಳಿ. ಸವರಬೇಕಾ, ಬಿಡಬೇಕಾ?

ಹಳೆಬೇರು:
ತಮಾ, ನಿನ್ನ ಅಪ್ಪಯ್ಯ ಹೇಳಿದ್ದು ಸುಳ್ಳಲ್ಲ. ಬೆಟ್ಟ ಕೊಟ್ಟಿದ್ದೇ ತೋಟಕ್ಕೆ ಸೊಪ್ಪು, ದರಕು ಬೇಕು ಅಂತ. ಬ್ರಿಟಿಷರ ಕಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆ ಬೆಟ್ಟದ ಲೆಕ್ಕ ಇತ್ತು. ಅದೇನು ಅಭಯಾರಣ್ಯ ಮಾಡೋಕೆ ಕೊಟ್ಟಿದ್ದಲ್ಲ. ಆದರೆ ಒಂದು ಮಾತು. ನಮ್ಮ ಕಾಲದಲ್ಲಿ ಕತ್ತಿಯಲ್ಲಿ ಸವರುತ್ತಿದ್ದರು. ಕತ್ತಿ ಹಿಡಿದವನಿಗೆ ಕಣ್ಣಿರುತ್ತದೆ, ಹೊನ್ನೆ ಸಸಿ ಕಂಡರೆ ಕೈ ನಿಲ್ಲುತ್ತದೆ. ಮಷೀನ್ ಹಿಡಿದವನಿಗೆ ದಿನಕ್ಕೆ ಎಷ್ಟು ಜಾಗ ಮುಗಿಯಿತು ಅನ್ನೋದಷ್ಟೇ ಮುಖ್ಯ.

ಬಾಲ್ಕನಿ_ಕಾಡು:
ಪ್ಲೀಸ್ ಏನೂ ಮುಟ್ಟಬೇಡಿ. ಕಾಡನ್ನು ಕಾಡಿನ ಪಾಡಿಗೆ ಬಿಟ್ಟರೆ ತಾನೇ ಸರಿ ಮಾಡಿಕೊಳ್ಳುತ್ತದೆ.

ಒಂದ್_ಸಾಲು:
ಬಿಟ್ಟಿದ್ದಕ್ಕೇ ಯುಪಟೋರಿಯಂ ಬಂದಿದ್ದು ಅಂತ ಅವರು ಬರೆದಿದ್ದಾರಲ್ಲ, ಓದಿ ಮಾರಾಯ್ರೆ.

ಹರ್ಬೇರಿಯಂ_ಅಕ್ಕ:
ಮಾಣಿ, ನಿಮ್ಮ ಬೆಟ್ಟ ನೋಡದೆ ಪೂರ್ತಿ ಹೇಳೋಕೆ ಆಗಲ್ಲ. ಆದರೂ ಒಂದು ಪ್ರಶ್ನೆ. ಸೊಪ್ಪಿಗೆ ಮರದ ಟೊಂಗೆ ಕಡಿಯುತ್ತೀರಾ? ಎಷ್ಟು?

ಇದನ್ನು ಯಾಕೆ ಕೇಳಿದೆ ಅಂದರೆ ಯುಪಟೋರಿಯಂ, ಅಂದರೆ ಕ್ರೊಮೊಲಿನಾ, ಬಿಸಿಲಿನ ಗಿಡ. ಅಮೆರಿಕದಿಂದ ಬಂದಿದ್ದು. ದಟ್ಟ ನೆರಳಲ್ಲಿ ಅದಕ್ಕೆ ಬಾಳೋಕೆ ಆಗಲ್ಲ. ಅದು ತಲೆ ಮೇಲೆ ಬೆಳೆದಿದೆ ಅಂದರೆ ಅಲ್ಲಿ ನೆಲಕ್ಕೆ ಬಿಸಿಲು ಚೆನ್ನಾಗಿ ಬೀಳುತ್ತಿದೆ ಅಂತಲೇ ಅರ್ಥ. ಒಳ್ಳೇ ನಿತ್ಯಹಸಿರು ಕಾನಿನೊಳಗೆ ಹೋಗಿ ನೋಡಿ. ಮೇಲೆ ಬಿದ್ದ ಬೆಳಕಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ನೆಲ ಮುಟ್ಟುತ್ತದೆ. ಮಧ್ಯೆ ಮಧ್ಯೆ ಎಲೆ ಸಂದಿಯಿಂದ ಬಿಸಿಲ ಚುಕ್ಕಿ ಒಂದಷ್ಟು ಹೊತ್ತು ಬಂದು ಹೋಗುತ್ತದೆ. ಮರದಡಿಯ ಎಷ್ಟೋ ಗಿಡಗಳು ದಿನದ ಅಡುಗೆಯ ದೊಡ್ಡ ಪಾಲನ್ನು ಅಷ್ಟರಲ್ಲೇ ಮುಗಿಸಿಕೊಳ್ಳುತ್ತವೆ. ಅದಕ್ಕೇ ಅವುಗಳ ಎಲೆ ಅಗಲ, ತೆಳು, ಕಡುಹಸಿರು. ಬೆಳೆಯೋದೂ ನಿಧಾನ. ಅಂಥ ಕಡೆ ಲಂಟಾನ, ಯುಪಟೋರಿಯಂ ಬಂದರೂ ಸೊರಗಿ ಸಾಯುತ್ತವೆ.

ಹಾಗಾಗಿ ನಿಮ್ಮ ಬುಡದ ತೊಂದರೆಗೆ ಕಾರಣ ಮರದ ತುದಿಯಲ್ಲಿರಬಹುದು. ಟೊಂಗೆ ಬೋಳಾದರೆ ಬಿಸಿಲು ಬೀಳುತ್ತದೆ, ಬಿಸಿಲು ಬಿದ್ದರೆ ಕಳೆ ಬರುತ್ತದೆ, ಕಳೆ ಬಂತು ಅಂತ ಸವರುತ್ತೀರಿ, ಸವರುವಾಗ ಮರದ ಮರಿಯೂ ಹೋಗುತ್ತದೆ. ಮುಂದೆ ಮೇಲೆ ನೆರಳು ಕೊಡೋರು ಯಾರು?

ಇನ್ನೊಂದು ಕೆಲಸ ಮಾಡಿ. ಸವರಿದ ಜಾಗದಲ್ಲಿ ಕೂತು, ಮೊಣಕಾಲೆತ್ತರದ ಚಿಗುರುಗಳ ಬುಡ ನೋಡಿ. ಕಾಂಡ ಸಪೂರ ಇದ್ದು ಬುಡ ದಪ್ಪ ಗಂಟು ಕಟ್ಟಿದ್ದರೆ ಅದು ಈ ವರ್ಷದ ಸಸಿಯಲ್ಲ. ನೀವು ಕಡಿದು ಕಡಿದು ಹಾಗೇ ಉಳಿದ ಮರ.

ಮರಗಸಿ:
ಅಕ್ಕ ಹೇಳಿದ್ದಕ್ಕೆ ನೂರು ಮಾರ್ಕ್ಸ್. ಕಾಫಿ ತೋಟದವನಾಗಿ ಹೇಳುತ್ತೇನೆ, ನಮ್ಮದೆಲ್ಲ ನೆರಳಿನದೇ ಲೆಕ್ಕಾಚಾರ. ಮರಗಸಿ, ಅಂದರೆ ನೆರಳು ಮರದ ಟೊಂಗೆ ಸವರೋದು, ಜಾಸ್ತಿ ಆದರೆ ಕಳೆ ಎದ್ದು ಬರುತ್ತದೆ, ಅರೇಬಿಕಾಕ್ಕೆ ಬಿಸಿಲು ಬಿದ್ದ ಕಡೆ ಬಿಳಿ ಕಾಂಡಕೊರಕ ಹತ್ತುತ್ತದೆ. ಕಮ್ಮಿ ಆದರೆ ಫಸಲಿಲ್ಲ. ಅಂದಹಾಗೆ ಕಾಫಿನೂ ಮರದಡಿಯ ಪೊದೆಯೇ ಅಲ್ವಾ, ಇಥಿಯೋಪಿಯಾದ ಬೆಟ್ಟದ ಕಾಡಲ್ಲಿ ದೊಡ್ಡ ಮರಗಳ ಕೆಳಗೆ ತಾನಾಗಿ ಬೆಳೆಯುವ ಗಿಡ. ನಮ್ಮ ಪುಣ್ಯ, ಇಲ್ಲಿ ಅದಕ್ಕೋಸ್ಕರ ಮರ ಉಳಿಸಿಕೊಂಡೆವು. ಕಾಡು ಉಳಿಸಿದ್ದೇ ಕಾಫಿ.

ಘಟ್ಟದ_ಕೆಳಗೆ:
ಮರ ಉಳಿಸಿದ್ದು ಹೌದು ಮಾರಾಯ್ರೆ, ಕಾಡು ಉಳಿಸಿದ್ದು ಅಂತ ಹೇಳಬೇಡಿ. ಮೇಲಿನ ಚಪ್ಪರ ಇಟ್ಟುಕೊಂಡು ಕೆಳಗೆ ಇದ್ದದ್ದನ್ನೆಲ್ಲ ಕಿತ್ತು ಒಂದೇ ಜಾತಿ ಗಿಡ ನೆಟ್ಟಿರಿ. ಬೆತ್ತ ಎಲ್ಲಿದೆ? ವಾಟೆ ಎಲ್ಲಿದೆ? ರಾಮಪತ್ರೆಯ ಮರಿ ಎಲ್ಲಿದೆ? ಈಗಂತೂ ಕಾಡು ಮರ ಸತ್ತ ಜಾಗಕ್ಕೆ ಸಿಲ್ವರ್ ಓಕ್ ನೆಡುತ್ತೀರಿ, ಮೆಣಸು ಹಬ್ಬಿಸೋಕೆ ಸುಲಭ ಅಂತ. ಹಾಗಾಗಿ ಮೇಲಿನದ್ದೂ ಹೋಗ್ತಾ ಇದೆ.

ಮರಗಸಿ:
ಅಡಿಕೆಗೆ ಗುಡ್ಡವನ್ನೇ ಜೆಸಿಬಿಯಲ್ಲಿ ಕೆರೆದು ಮಟ್ಟ ಮಾಡಿದವರು ಈ ಮಾತು ಹೇಳಬಾರದು. ನಮ್ಮ ತೋಟದಲ್ಲಿ ಹಕ್ಕಿ ಇದೆ, ಕೆಂದಳಿಲು ಇದೆ, ಹಲಸು, ಅತ್ತಿ, ನಂದಿ ಇದೆ. ಬನ್ನಿ ತೋರಿಸುತ್ತೇನೆ.

ಘಟ್ಟದ_ಕೆಳಗೆ:
ಬರ್ತೇನೆ. ಕಾಫಿ ಕೊಡಬೇಕು.

ಮರಗಸಿ:
ಚಿಕೋರಿ ಹಾಕದ್ದು ಕೊಡುತ್ತೇನೆ.

ಕಕ್ಕಡ_ಮಳೆ:
ಜಗಳದ ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಕೊಡಗಿನಲ್ಲಿ ನಮ್ಮ ಕಾಫಿ ತೋಟದ ಬದಿಯಲ್ಲೂ ಮರದಡಿ ಗಿಡ ಒಂದಷ್ಟು ಉಳಿದಿತ್ತು, ಅದರಲ್ಲಿ ನಮಗೆ ಬಹಳ ಬೇಕಾದ್ದು ಮದ್ದು ಸೊಪ್ಪು. ಆಗಸ್ಟ್ 3ಕ್ಕೆ ಕಕ್ಕಡ ಪದಿನೆಟ್ಟ್, ಅಂದರೆ ಕಕ್ಕಡ ತಿಂಗಳ ಹದಿನೆಂಟನೇ ದಿನ ಬರುತ್ತದಲ್ಲ, ಅವತ್ತು ಅದರಲ್ಲಿ 18 ಥರದ ಮದ್ದಿನ ಗುಣ ಸೇರಿರುತ್ತದೆ ಅಂತ ನಂಬಿಕೆ. ಸೊಪ್ಪು ಕುದಿಸಿದರೆ ನೀರು ಗಾಢ ನೇರಳೆ ಬಣ್ಣ, ಅದರಲ್ಲೇ ಪಾಯಸ, ಪುಟ್ಟು. ಮಾರನೇ ದಿನ ಮೂತ್ರ ಕೆಂಪಾಗುತ್ತದೆ. ಗೊತ್ತಿಲ್ಲದ ನೆಂಟರಿಗೆ ಕೊಟ್ಟರೆ ಹೆದರಿ ಡಾಕ್ಟರ್ ಹತ್ತಿರ ಓಡುತ್ತಾರೆ :)

ವಿಷಯ ಏನಂದರೆ ಆ ಗಿಡ ನೆರಳು, ತೇವ ಇರುವ ಕಡೆ ಮಾತ್ರ ಬರುತ್ತದೆ. ಕಳೆನಾಶಕ ಹೊಡೆಯೋಕೆ ಶುರು ಮಾಡಿದ ತೋಟಗಳ ಬದಿಯಲ್ಲಿ ಈಗ ಕಾಣಲ್ಲ. ಕಕ್ಕಡ ತಿಂಗಳಲ್ಲಿ ಪೇಟೆಯಲ್ಲಿ ಕಟ್ಟು ಮಾಡಿ ಮಾರುತ್ತಾರೆ. ನಮ್ಮತ್ತೆ ಅದನ್ನು ದುಡ್ಡು ಕೊಟ್ಟು ತರಬೇಕಾಯಿತಲ್ಲ ಅಂತ ಎರಡು ದಿನ ಸಿಟ್ಟಾಗಿದ್ದರು.

ಒಂದ್_ಸಾಲು:
ಮೂತ್ರದ ವಿಷಯ ಬಂತು ಅಂದರೆ ಚರ್ಚೆ ಸರಿದಾರಿಗೆ ಬಂತು ಅಂತ ಲೆಕ್ಕ.

ಸಾಗರದ_ಸಿಸ್ಟರ್:
ಒಂದು ಮುಖ್ಯ ವಿಷಯ ಯಾರೂ ಎತ್ತಿಲ್ಲ. ಮಾಣಿ ಅವರೇ, ದರಕು ಗುಡಿಸೋಕೆ ಹೋಗುವವರು ಉಣುಗಿನ (ಉಣ್ಣೆ ಹುಳದ) ಬಗ್ಗೆ ಹುಷಾರು. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಈಗ ಉತ್ತರ ಕನ್ನಡದಲ್ಲೂ ಇದೆ. ಆ ಉಣುಗಿನ ಮರಿಗಳು ಇರೋದೇ ಮರದಡಿಯ ತರಗೆಲೆ, ಪೊದೆಗಳಲ್ಲಿ. ಅವು ಜಾಸ್ತಿ ಓಡಾಡುವ ಕಾಲ ಮಳೆ ಮುಗಿದ ಮೇಲೆ, ಡಿಸೆಂಬರ್‌ನಿಂದ ಮೇವರೆಗೆ. ನೀವು ದರಕು ಗುಡಿಸುವ ಕಾಲವೂ ಅದೇ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು ಹೋಗಿ. ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ, ಬಟ್ಟೆ ಬಿಸಿನೀರಿಗೆ. ಎಲ್ಲಾದರೂ ಮಂಗ ಸತ್ತು ಬಿದ್ದಿದ್ದರೆ ಆ ಕಡೆ ಹೋಗಲೇಬೇಡಿ, ಆಶಾ ಕಾರ್ಯಕರ್ತೆಗೆ ಹೇಳಿ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗೆಲ್ಲ ಅಲ್ಲೇ ನೆಲಕ್ಕೆ ಇಳಿಯುತ್ತವೆ.

ಹಳೆಬೇರು:
ನೋಡಿ, ಅದಕ್ಕೇ ನಾನು ಹೇಳಿದ್ದು ಚೊಕ್ಕ ಇರಬೇಕು ಅಂತ. ಪೊದೆ ಇದ್ದರೆ ಉಣುಗು.

ಸಾಗರದ_ಸಿಸ್ಟರ್:
ಇಲ್ಲ ಹಿರಿಯರೇ, ಅದು ಅಷ್ಟು ಸರಳ ಇಲ್ಲ. ಉಣುಗಿಗೆ ದನ ಬೇಕು, ಇಲಿ ಬೇಕು, ಮಂಗ ಬೇಕು. ಕಾಡು ಕಡಿದು ತೋಟ ಮಾಡಿದ ಅಂಚಿನಲ್ಲೇ ಕಾಯಿಲೆ ಜಾಸ್ತಿ ಕಂಡಿದ್ದು. ಪೊದೆ ಸವರಿದ ಮಾತ್ರಕ್ಕೆ ಉಣುಗು ಹೋಗಲ್ಲ. ಮನೆ ಸುತ್ತ, ಓಡಾಡುವ ದಾರಿಯ ಬದಿ ಸವರಿಕೊಳ್ಳಿ, ಅದಕ್ಕೆ ಬೇಡ ಅನ್ನಲ್ಲ. ಇಡೀ ಬೆಟ್ಟ ಬೋಳಿಸೋಕೆ ಮಾತ್ರ ಕಾಯಿಲೆಯನ್ನು ನೆಪ ಮಾಡಬೇಡಿ.

ಬಿಳಿಗಿರಿ_ಹುಡುಗ:
ನಮ್ಮ ಕಡೆ ಕಥೆ ಬೇರೆ. ಬಿಳಿಗಿರಿರಂಗನ ಬೆಟ್ಟ. ನಮ್ಮ ಸೋಲಿಗರ ಹಿರಿಯರು ಬೇಸಿಗೆ ಕಾವು ಏರುವ ಮೊದಲೇ ತರಗು ಬೆಂಕಿ ಹಾಕುತ್ತಿದ್ದರು. ಸಣ್ಣ ಬೆಂಕಿ, ತರಗೆಲೆ ಮತ್ತು ಒಣಹುಲ್ಲು ಸುಟ್ಟು ಆರಿ ಹೋಗುತ್ತಿತ್ತು. ಮರಕ್ಕೆ ಏನೂ ಆಗುತ್ತಿರಲಿಲ್ಲ. ಹೊಸ ಹುಲ್ಲು ಬರುತ್ತಿತ್ತು, ಪ್ರಾಣಿಗಳಿಗೆ ಮೇವು. ಗೆಡ್ಡೆ ಗೆಣಸು ಚೆನ್ನಾಗಿ ಬರುತ್ತಿತ್ತು. ನೆಲ್ಲಿ ಮರಕ್ಕೆ ಹತ್ತುವ ಬದನಿಕೆ ಅನ್ನೋ ಪರಾವಲಂಬಿ ಗಿಡವೂ ಹದ್ದುಬಸ್ತಿನಲ್ಲಿ ಇರುತ್ತಿತ್ತು. 1974ರಲ್ಲಿ ಅಭಯಾರಣ್ಯ ಆಯಿತು, ಬೆಂಕಿ ನಿಲ್ಲಿಸಿದರು. ಆಮೇಲೆ ಲಂಟಾನ ಹೇಗೆ ಹಬ್ಬಿತು ಅಂದರೆ ಈಗ ಕೆಲವು ಕಡೆ ಹತ್ತು ಹೆಜ್ಜೆ ಒಳಗೆ ಹೋಗೋಕೆ ಆಗಲ್ಲ. ಆನೆ ಎದುರಿಗಿದ್ದರೂ ಕಾಣಲ್ಲ. ಹಿರಿಯರಿಗೆ ಗೊತ್ತಿದ್ದ ಎಷ್ಟೋ ಸೊಪ್ಪು, ಗೆಡ್ಡೆ ಅದರಡಿ ಸಿಕ್ಕಿ ಹೋದವು.

ಬಾಲ್ಕನಿ_ಕಾಡು:
ಬೆಂಕಿನಾ? 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದಿದ್ದು ನೋಡಿಲ್ವಾ? ಸಾವಿರಾರು ಎಕರೆ ಹೋಯಿತು.

ಬಿಳಿಗಿರಿ_ಹುಡುಗ:
ನೋಡಿದ್ದೀನಿ ಸಾರ್. ಲಂಟಾನ ಆಳೆತ್ತರ ಒಣಗಿ ನಿಂತಿದ್ದರೆ ಬೆಂಕಿ ನೆಲದಲ್ಲಿ ನಿಲ್ಲಲ್ಲ, ಮರದ ತುದಿಗೆ ಏರುತ್ತದೆ. ಈಗ ತರಗು ಬೆಂಕಿ ಹಾಕಿ ಅಂತ ನಾನೂ ಹೇಳಲ್ಲ. ಮೊದಲು ಲಂಟಾನ ತೆಗೀಬೇಕು. ಬೆಂಕಿ ಅಂದರೆಲ್ಲ ಒಂದೇ ಅಂತ ಬೆಂಗಳೂರಲ್ಲಿ ಕೂತು ಬರೀಬೇಡಿ ಅಂತಷ್ಟೇ.

ಹರ್ಬೇರಿಯಂ_ಅಕ್ಕ:
ಇಲ್ಲಿ ಒಂದು ಗೆರೆ ಎಳೆಯಬೇಕು. ಬಿಳಿಗಿರಿಯ ಒಣ ಎಲೆಯುದುರು ಕಾಡಿನ ಹುಲ್ಲು, ಗಿಡಗಳು ಸಣ್ಣ ಬೆಂಕಿಗೆ ಒಗ್ಗಿದವು. ಶಿರಸಿಯ ತೇವದ ಬೆಟ್ಟಕ್ಕೆ ಅದೇ ಮದ್ದು ಹಚ್ಚಿದರೆ ಧೂಪ, ಮುರುಗಲು, ಉಪ್ಪಾಗೆಯ ಮರಿಗಳೆಲ್ಲ ಬೂದಿ. ಮಾಣಿ, ದಯವಿಟ್ಟು ಬೆಂಕಿ ಪ್ರಯೋಗ ಬೇಡ.

ಧೂಪದ ಬೀಜವನ್ನೇ ನೋಡಿ. ಬಿದ್ದ ಸ್ವಲ್ಪ ದಿನದಲ್ಲೇ ಮೊಳಕೆ ಒಡೆಯಬೇಕು, ಒಣಗಿಸಿ ಡಬ್ಬಿಯಲ್ಲಿ ಇಡುವ ಜಾತಿ ಅದಲ್ಲ. ಮೊಳೆತ ಸಸಿ ವರ್ಷಗಟ್ಟಲೆ ನೆರಳಲ್ಲಿ ಗೇಣುದ್ದ ನಿಂತು ಕಾಯುತ್ತದೆ. ಪಕ್ಕದ ದೊಡ್ಡ ಮರ ಬಿದ್ದು ಬೆಳಕು ಬಂದಾಗ ಮೇಲೇಳುತ್ತದೆ. ಕಾಯುತ್ತಿರುವ ಈ ಸಸಿಗಳೇ ಕಾಡಿನ ಬೀಜದ ಬ್ಯಾಂಕು. ಬ್ರಷ್ ಕಟರ್‌ಗೆ ಅವು ಕಸ.

ನೀಲಿಬೆಟ್ಟ:
ಲಂಟಾನದ ಮಾತು ಬಂತಲ್ಲ, ಅದರಿಂದ ಉಪಯೋಗವೂ ಇದೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಅದರ ಕಡ್ಡಿಯಲ್ಲಿ ಕುರ್ಚಿ, ಮೇಜು ಮಾಡುತ್ತಾರೆ. ಗೂಡಲೂರು ಕಡೆಯ ಆದಿವಾಸಿ ಕುಶಲಕರ್ಮಿಗಳು ಅದರಲ್ಲಿ ಆನೆಗಳನ್ನು ಮಾಡಿದರು, ಆ ಆನೆಗಳು 2021ರಲ್ಲಿ ಲಂಡನ್ ಪಾರ್ಕ್‌ಗಳಲ್ಲಿ ನಿಂತಿದ್ದವು.

ಒಂದ್_ಸಾಲು:
ಲಂಟಾನಕ್ಕೆ ವೀಸಾ ಸಿಕ್ಕಿತು, ನನಗೆ ಸಿಕ್ಕಿಲ್ಲ.

ಬಿಳಿಗಿರಿ_ಹುಡುಗ:
ಕುರ್ಚಿ ಒಳ್ಳೇದೇ, ನಾಲ್ಕು ಜನಕ್ಕೆ ಕೂಲಿ ಸಿಗುತ್ತದೆ. ಆದರೆ ಕಡ್ಡಿ ಕಡಿದುಕೊಂಡು ಹೋದರೆ ಬುಡ ಮತ್ತೆ ಚಿಗುರುತ್ತದೆ. ಬೇರು ಬರಬೇಕು.

ಘಟ್ಟದ_ಕೆಳಗೆ:
ಅದಕ್ಕೊಂದು ಕ್ರಮ ಇದೆ. ನೆಲದ ಮಟ್ಟದಲ್ಲಿ ಕಡಿಯೋದಲ್ಲ, ಬುಡದ ಮಣ್ಣು ಸ್ವಲ್ಪ ಸರಿಸಿ, ನೆಲಕ್ಕಿಂತ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕಡಿದು, ಇಡೀ ಗಿಡವನ್ನು ತಲೆಕೆಳಗಾಗಿ ಒಣಗೋಕೆ ಇಡೋದು. ಬೇರು ಮಣ್ಣಿಗೆ ತಾಗಬಾರದು. ಚಿಗುರೋ ಭಾಗ ಎಲ್ಲ ಮೇಲೆ ಬರುತ್ತದೆ, ಹಾಗಾಗಿ ಮತ್ತೆ ಏಳಲ್ಲ. ಆಮೇಲೆ ಹಕ್ಕಿ ಕೂರುವ ಮರದಡಿ ಹೊಸ ಸಸಿ ಬರುತ್ತಲೇ ಇರುತ್ತದೆ, ಅದನ್ನು ಮಳೆಗಾಲದಲ್ಲಿ ಕಿತ್ತು ಹಾಕಬೇಕು. ಯುಪಟೋರಿಯಂ, ನಮ್ಮಲ್ಲಿ ಕಮ್ಯುನಿಸ್ಟ್ ಸೊಪ್ಪು ಅಂತೇವೆ, ಅದೂ ಹಾಗೆಯೇ. ಮಣ್ಣು ಹಸಿ ಇರುವಾಗ, ಹೂ ಬಿಡುವ ಮೊದಲು ಕೀಳಿ. ಹೂ ಬಿಟ್ಟ ಮೇಲೆ ಕಡಿದರೆ ಬೀಜ ಗಾಳಿಗೆ ಹಾರಿ ಪಕ್ಕದವನ ಬೆಟ್ಟಕ್ಕೂ ನೀವೇ ಬಿತ್ತಿದ ಹಾಗೆ. ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬಹುದು, ನಾವು ಹಾಕುತ್ತೇವೆ. ದನ ಮೂಸಿಯೂ ನೋಡಲ್ಲ.

ಗುಬ್ಬಿಗೂಡು:
ಲಂಟಾನ ಒಂದೇ ಸಲ ತೆಗೆಯಬೇಡಿ. ಪಿಕಳಾರ ಹಕ್ಕಿಗಳು ಅದರ ಹಣ್ಣು ತಿನ್ನುತ್ತವೆ, ಅದರೊಳಗೆ ಗೂಡು ಕಟ್ಟುತ್ತವೆ. ಬೇರೆ ಪೊದೆ ಇಲ್ಲದ ಕಡೆ ಅವಕ್ಕೆ ಇದೇ ಗತಿ. ಸ್ವಲ್ಪ ಸ್ವಲ್ಪ ತೆಗೆದು ಆ ಜಾಗದಲ್ಲಿ ಕವಳಿ, ಗುಡ್ಡೆ ದಾಸಾಳ ಬರೋಕೆ ಬಿಡಿ.

ಬೆಳಗಾವಿ_ಮಳಿ:
ಖಾನಾಪುರ ಕಡೆ ಕಾಡಿನ್ಯಾಗ ಮರದ ಕೆಳಗ ಕಾರ್ವಿ ದಟ್ಟ ಇರತೈತಿ. ಹಿಂದ ಮನಿ ಗ್ವಾಡಿಗೆ ಅದರ ಕಡ್ಡಿ ಹೆಣದು ಮಣ್ಣು ಮೆತ್ತತಿದ್ರು. ಎಂಟು ವರ್ಷಕ್ಕೊಮ್ಮಿ ಹೂ ಬಿಟ್ಟು ಎಲ್ಲಾ ಕೂಡೇ ಸಾಯ್ತಾವ. ಸತ್ತ ಮ್ಯಾಲ ನೋಡ್ರಿ, ಕಾಡು ಒಮ್ಮೆಲೇ ಖಾಲಿ ಕಾಣತೈತಿ, ಮುಂದ ಬೀಜ ಬಿದ್ದದ್ದು ಒತ್ತಾಗಿ ಏಳತೈತಿ. ಅದನ್ನ ಯಾರೂ ಸವರಂಗಿಲ್ಲ, ಅದs ನೋಡ್ಕೊಂತೈತಿ.

ಬಾಲ್ಕನಿ_ಕಾಡು:
ಅದೇ ನೀಲಕುರಿಂಜಿ ಅಲ್ವಾ? 2018ರಲ್ಲಿ ಮುನ್ನಾರ್‌ಗೆ ಹೋಗಿದ್ದೆ.

ಹರ್ಬೇರಿಯಂ_ಅಕ್ಕ:
ಸಂಬಂಧಿ, ಅದೇ ಅಲ್ಲ. ಮುನ್ನಾರ್‌ನಲ್ಲಿ ನೀವು ನೋಡಿದ್ದು 12 ವರ್ಷಕ್ಕೊಮ್ಮೆ ಹೂ ಬಿಡುವುದು, ಅದು ಬಯಲು ಹುಲ್ಲುಗುಡ್ಡದ ಗಿಡ. ಇದೇ ಕುಟುಂಬದ ಸ್ಟ್ರೊಬಿಲಾಂಥಸ್ ಜಾತಿಗಳಲ್ಲಿ ಬಹಳಷ್ಟು ಮರದಡಿಯ ನೆರಳಲ್ಲೇ ಬೆಳೆಯುತ್ತವೆ. ಅವನ್ನು ನೋಡೋಕೆ ಮಾತ್ರ ಯಾರೂ ಬಸ್ ಮಾಡಿಕೊಂಡು ಹೋಗಲ್ಲ. ಬೆಳಗಾವಿಯವರ ಮಾತಿಗೆ ಒಂದು ಸೇರಿಸುತ್ತೇನೆ: ಕಾರ್ವಿ ತಾನೇ ನೋಡಿಕೊಳ್ಳುತ್ತದೆ, ಯಾಕೆಂದರೆ ಅದು ಇಲ್ಲಿನದೇ. ಹೂ ಬಿಟ್ಟು ಬೀಜ ಬೀಳುವ ಮೊದಲು ಕಡಿದರೆ ಮಾತ್ರ ಅದೂ ಮುಗಿಯಿತು.

ತೋಟದ_ಮಾಣಿ:
ಅಕ್ಕ, ಬೆಟ್ಟಕ್ಕೆ ಹೋಗಿ ನೋಡಿ ಬಂದೆ. ನೀವು ಹೇಳಿದ ಹಾಗೇ ಇದೆ! ಕೂತು ದರಕು ಸರಿಸಿದರೆ ಮತ್ತಿ, ಹೊನ್ನೆ, ನೇರಳೆ ಎಲ್ಲಾ ಸಿಕ್ಕವು. ಮೇಲೆ ಗೇಣುದ್ದ ಚಿಗುರು, ಬುಡ ಹೆಬ್ಬೆರಳಿಗಿಂತ ದಪ್ಪ. ಒಂದು ಹೊನ್ನೆಯ ಬುಡದಲ್ಲಿ ಹಳೇ ಕಡಿತದ ಗುರುತು ಒಂದರ ಮೇಲೊಂದು. ಯುಪಟೋರಿಯಂ ಎದ್ದ ಮೂಲೆಯಲ್ಲಿ ತಲೆ ಎತ್ತಿ ನೋಡಿದೆ, ಹೌದು, ಅಲ್ಲಿಯ ಮತ್ತಿ ಮರಗಳು ಪೂರ್ತಿ ಬೋಳು. ಸೊಪ್ಪಿಗೆ ಹತ್ತಿರ ಅಂತ ಯಾವಾಗಲೂ ಅಲ್ಲೇ ಕಡಿಯೋದು ನಮ್ಮ ಆಳುಗಳು.

ಅಪ್ಪಯ್ಯನನ್ನೂ ಕರೆದುಕೊಂಡು ಹೋಗಿದ್ದೆ. ಹೊನ್ನೆ ಬುಡ ನೋಡಿ ಏನೂ ಹೇಳಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗ ದರಕಿಗೆ ಏನು ಮಾಡ್ತೆ ಅಂತ ಕೇಳಿದರು. ಅದಕ್ಕೆ ಉತ್ತರ ಕೊಡಿ.

ಹಳೆಬೇರು:
ಉತ್ತರ ಸುಲಭ. ಬೆಟ್ಟವನ್ನು ಮೂರು ಪಾಲು ಮಾಡು. ವರ್ಷಕ್ಕೆ ಎರಡು ಪಾಲಲ್ಲಿ ದರಕು ಗುಡಿಸು, ಒಂದು ಪಾಲು ಬಿಡು. ಮುಂದಿನ ವರ್ಷ ಬೇರೆ ಪಾಲು ಬಿಡು. ಸೊಪ್ಪು ಕಡಿಯುವಾಗ ತುದಿ ಬಿಡಬೇಕು, ಒಂದೇ ಮರಕ್ಕೆ ಪ್ರತಿ ವರ್ಷ ಹತ್ತಬಾರದು. ಇದು ಹೊಸ ವಿದ್ಯೆ ಏನಲ್ಲ. ಮೊದಲು ಮನೆಯವರೇ ಬೆಟ್ಟಕ್ಕೆ ಹೋಗುತ್ತಿದ್ದಾಗ ಹೀಗೇ ನಡೆಯುತ್ತಿತ್ತು. ಗುತ್ತಿಗೆ ಕೊಟ್ಟ ಮೇಲೆ ಹಾಳಾಗಿದ್ದು. ದರಕು ಕಮ್ಮಿ ಬಿತ್ತು ಅಂದರೆ ತೋಟದ ಸೋಗೆಯನ್ನೇ ಕೊಚ್ಚಿ ಮುಚ್ಚಿಗೆ ಹಾಕು, ಸುಡಬೇಡ.

ಮರಗಸಿ:
ಉಳಿಸಬೇಕಾದ ಸಸಿಗೆ ಕೆಂಪು ಬಟ್ಟೆ ಚೂರು ಕಟ್ಟಿ. ಬ್ರಷ್ ಕಟರ್‌ನವನಿಗೆ ದಿನಗೂಲಿ ಕೊಡಿ, ಎಕರೆ ಲೆಕ್ಕ ಬೇಡ. ನಮ್ಮಲ್ಲಿ ಎಕರೆ ಲೆಕ್ಕಕ್ಕೆ ಕೊಟ್ಟವರ ತೋಟದಲ್ಲಿ ಕಾಫಿ ಗಿಡವನ್ನೇ ಹೊಡೆದುಹಾಕಿದ್ದಾರೆ, ಇನ್ನು ಹೊನ್ನೆ ಸಸಿ ಯಾವ ಲೆಕ್ಕ.

ಘಟ್ಟದ_ಕೆಳಗೆ:
ಯುಪಟೋರಿಯಂ ಮೂಲೆಯನ್ನು ಈ ಮಳೆಗಾಲ ಕೈಯಲ್ಲೇ ಕೀಳಿಸಿ, ಸಸಿ ಬಿಟ್ಟು. ಎರಡು ಮೂರು ವರ್ಷ ಕಾಟ ಇರುತ್ತದೆ. ಮರದ ತಲೆ ತುಂಬಿಕೊಂಡ ಹಾಗೆ ಕಡಿಮೆ ಆಗುತ್ತದೆ.

ಬಾಲ್ಕನಿ_ಕಾಡು:
ಅಷ್ಟು ಕಷ್ಟ ಪಡೋ ಬದಲು ಒಳ್ಳೇ ಗಿಡ ತಂದು ನೆಡಬಹುದಲ್ಲ? ನರ್ಸರಿಯಲ್ಲಿ ಸಿಗುತ್ತದೆ.

ಹಳೆಬೇರು:
ಇರುವ ಹೊನ್ನೆಯನ್ನು ಕಡಿದು ನರ್ಸರಿ ಹೊನ್ನೆ ನೆಡೋದಾ? ಬೇರು ಆಗಲೇ ಎಷ್ಟೋ ವರ್ಷದ್ದು ಕೆಳಗಿದೆ. ಕಡಿಯೋದು ನಿಲ್ಲಿಸಿದರೆ ಅದೇ ಎದ್ದು ನಿಲ್ಲುತ್ತದೆ. ನಿಮ್ಮ ಬಾಲ್ಕನಿಯ ಕುಂಡದ್ದು ಏನಾಯಿತು, ಅದನ್ನು ಹೇಳಿ.

ಬಾಲ್ಕನಿ_ಕಾಡು:
ಒಂದೆಲಗ ಚೆನ್ನಾಗಿದೆ. ಉಳಿದದ್ದು ಕೇಳಬೇಡಿ.

ಕಕ್ಕಡ_ಮಳೆ:
ಮಾಣಿಯ ಆಯಿ ಹತ್ತಿರ ಗುಡ್ಡೆ ದಾಸಾಳದ ತಂಬುಳಿ ಹೇಗೆ ಅಂತ ಕೇಳಿ ಬರೆಯಿರಿ. ನಮ್ಮಲ್ಲಿ ಆ ಹೂವನ್ನು ದೇವರಿಗೆ ಮಾತ್ರ ಇಡುತ್ತೇವೆ.

ತೋಟದ_ಮಾಣಿ:
ಕೇಳಿದೆ. ಹೂ ಅಥವಾ ಎಳೇ ಕುಡಿ ಒಂದು ಹಿಡಿ, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿದು, ಕಾಯಿತುರಿ ಜೊತೆ ನುಣ್ಣಗೆ ಬೀಸಿ, ಮಜ್ಜಿಗೆಗೆ ಹಾಕಿ ಉಪ್ಪು. ಒಗ್ಗರಣೆ ಬೇಕಾದರೆ ಜೀರಿಗೆ, ಒಣಮೆಣಸು. ಕುದಿಸಬಾರದು. ಜಾಸ್ತಿ ಮೆಣಸು ಹಾಕಿದರೆ ತಂಬುಳಿ ಅನ್ನಬೇಡಿ ಅಂತ ಆಯಿ ಕಟ್ಟಪ್ಪಣೆ.

ಘಟ್ಟದ_ಕೆಳಗೆ:
ಬೆಳ್ಳುಳ್ಳಿ?

ತೋಟದ_ಮಾಣಿ:
ಬೆಳ್ಳುಳ್ಳಿ ಅಂತ ಕೇಳಿದವರು ಯಾರು ಅಂತ ಆಯಿ ವಿಚಾರಿಸುತ್ತಿದ್ದಾಳೆ.